ವಾಸನೆಯಿಲ್ಲದ ಕರು

ನಾಲತವಾಡದಿಂದ ಹೊಳೆಯ ದಿಕ್ಕಿಗೆ ಹೊರಟರೆ ಕರಿಮಣ್ಣಿನ ಹೊಲಗಳ ನಡುವೆ ಒಂದು ಸಣ್ಣ ಊರು ಸಿಗುತ್ತದೆ. ಅದರ ಕೊನೆಯ ಓಣಿಯಲ್ಲಿ ಭೀಮಶ್ಯಾನ ಮನೆ. ಮನೆಯೆಂದರೆ ಎರಡೇ ಖೋಲಿ. ಒಂದರಲ್ಲಿ ಅವನು ಉಂಡು ಮಲಗುತ್ತಿದ್ದ. ಇನ್ನೊಂದನ್ನು ಸತ್ತವುಗಳಿಗೆ ಬಿಟ್ಟುಕೊಟ್ಟಿದ್ದ.

ಆ ಖೋಲಿಯ ಬಾಗಿಲು ತೆರೆದರೆ ಮೊದಲು ಕಾಣುವುದು ನಾಲ್ಕು ಕೋಡಿನ ಟಗರಿನ ತಲೆ. ಇಂಡಿ ಕಡೆಯ ಬೀರಣ್ಣನ ಕುರಿಹಟ್ಟಿಯಲ್ಲಿ ಆ ಟಗರು ಮುದಿಯಾಗಿ, ಹಲ್ಲುದುರಿ, ಬಿಸಿಲಿಗೆ ಮಲಗಿದಲ್ಲೇ ಕಣ್ಣು ಮುಚ್ಚಿತ್ತು. ಅದರ ಮಗ್ಗುಲಿಗೆ ನಾಲ್ಕು ಕಾಲಿನ ಕೋಳಿಮರಿ, ತತ್ತಿಯೊಡೆದು ಬಂದು ಒಂದೇ ಬೆಳಗು ಬದುಕಿದ್ದು. ಆಮೇಲೆ ಮುದಿ ಎತ್ತೊಂದರ ಹೊಟ್ಟೆಯಲ್ಲಿ ಸಿಕ್ಕ ಕೂದಲಿನ ಉಂಡೆ. ಎತ್ತು ತನ್ನ ಮೈಯನ್ನೇ ವರ್ಷಗಟ್ಟಲೆ ನೆಕ್ಕಿ ಒಳಗೆ ಕಟ್ಟಿಕೊಂಡ ಆ ಉಂಡೆ ಹೊಳೆಯ ಗುಂಡುಕಲ್ಲಿನಷ್ಟು ನುಣುಪಾಗಿತ್ತು. ಎಲ್ಲೂ ಹರಿಯದೆ ಇಡಿಯಾಗಿ ಕಳಚಿದ ಹಾವಿನ ಪೊರೆಯೊಂದು ಗೋಡೆಯುದ್ದಕ್ಕೂ ಚಾಚಿತ್ತು. ಹಕ್ಕಿಗಳು ಬಿಟ್ಟುಹೋದ ಗೀಜಗನ ಗೂಡುಗಳು ಜಂತಿಗೆ ಜೋತಾಡುತ್ತಿದ್ದವು.

"ಕೊಂದದ್ದು ಈ ಹೊಸ್ತಿಲಾ ದಾಟೂದಿಲ್ಲ," ಎಂದು ನೋಡಲು ಬಂದವರಿಗೆ ಭೀಮಶ್ಯಾ ಹೇಳುತ್ತಿದ್ದ. "ಇವೆಲ್ಲಾ ತಮ್ಮ ಸಾವು ತಾವು ಸತ್ತಾವು. ನಾ ಬರೇ ಕರಕೊಂಡು ಬಂದೇನಿ."

ಈ ಚಟ ಹತ್ತಿದ್ದು ಕಸುಬಿನಿಂದ. ಎಮ್ಮೆಯ ಕೆಚ್ಚಲು ತುಂಬಿ ಬಿರಿಯುತ್ತಿದ್ದರೂ ಎದುರಿಗೆ ಕರು ಇಲ್ಲದಿದ್ದರೆ ಅದು ಹಾಲನ್ನು ಮೇಲಕ್ಕೇ ಹಿಡಿದುಕೊಳ್ಳುತ್ತದೆ. ಕರು ಸತ್ತಿತೆಂದರೆ ಅದೇ ಕರುವಿನ ತೊಗಲು ಸುಲಿದು, ಉಪ್ಪು ತಿಕ್ಕಿ ನೆರಳಿಗೆ ಒಣಗಿಸಿ, ಒಳಗೆ ಹೊಟ್ಟು ತುಂಬಿ, ಬೇವಿನ ಗೂಟದ ಕಾಲು ಕೊಟ್ಟು, ದಬ್ಬಣದಿಂದ ಹೊಲಿದು ಎಮ್ಮೆಯ ಮುಂದೆ ನಿಲ್ಲಿಸಬೇಕು. ಎಮ್ಮೆ ಅದನ್ನು ಮೂಸಿ, ನೆಕ್ಕಿ, ತನ್ನದೆಂದು ನಂಬಿ ತೊರೆ ಬಿಡುತ್ತದೆ. ಹಾಲು ಮೊಲೆಗೆ ಇಳಿಯುತ್ತದೆ. ಅಪ್ಪನಿಂದ ಭೀಮಶ್ಯಾನಿಗೆ ಬಂದ ವಿದ್ಯೆ ಇದು. ಅಪ್ಪ ಹೆಚ್ಚು ಮಾತಿನವನಲ್ಲ. "ತೊಗಲಿಗೆ ನೀರು ತೋರಸಬ್ಯಾಡ, ಉಪ್ಪು ಬಿಟ್ಟು ಏನೂ ಹಚ್ಚಬ್ಯಾಡ," ಎಂದಷ್ಟೇ ಹೇಳಿ ಹೋಗಿದ್ದ. ಯಾಕೆಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ನೀರು ಹತ್ತಿದರೆ ತೊಗಲು ಕೊಳೆಯುತ್ತದೆ, ಅದಕ್ಕೇ ಇರಬೇಕು ಎಂದುಕೊಂಡಿದ್ದ.

ಅಪ್ಪ ಮಾಡಿದ ಕರುಗಳು ಗೋಣಿಚೀಲಕ್ಕೆ ಕಾಲು ಮೂಡಿದ ಹಾಗೆ ಇರುತ್ತಿದ್ದವು. ಭೀಮಶ್ಯಾ ಹಾಗೆ ಮಾಡಿದವನಲ್ಲ. ಕಿವಿ ನಿಮಿರಿಸುತ್ತಿದ್ದ. ಕತ್ತನ್ನು ತಾಯಿಯ ಕಡೆಗೆ ತುಸು ತಿರುಗಿಸುತ್ತಿದ್ದ. ಮೊಣಕಾಲಿನ ಮಡಿಕೆ ಸಹ ತರುತ್ತಿದ್ದ. ಎಮ್ಮೆಗಳು ತೊರೆ ಬಿಟ್ಟಾಗಲೆಲ್ಲ ಅದು ತನ್ನ ಕೈಗೆ ಸಂದ ಮಾನ ಎಂದೇ ಅವನ ಎಣಿಕೆ. ಮೂಸುವುದೊಂದು ಎಮ್ಮೆಯ ರೂಢಿ. ನಂಬಿಕೆ ಬರುವುದು ಕಣ್ಣಿಗೆ, ಎನ್ನುತ್ತಿದ್ದ.

ಅವನಿಗೊಂದು ಕಟ್ಟಳೆ ಇತ್ತು. ಸತ್ತ ಕರುವನ್ನು ಮುಟ್ಟುವ ಮೊದಲು ಅದರ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದ. ಗಂಡುಕರು ಹುಟ್ಟಿದರೆ ಹಾಲು ದಂಡವೆಂದು ಉಪವಾಸ ಕೆಡವಿ ಸಾಯಿಸುವ ಮನೆಗಳು ಎಲ್ಲ ಊರಲ್ಲೂ ಇವೆ. ಒಮ್ಮೆ ಮುದ್ದೇಬಿಹಾಳದ ಹತ್ತಿರದ ಹೊಲದ ಮನೆಯಿಂದ ಕರೆ ಬಂದು ಹೋಗಿದ್ದ. ಅಂಗೈ ಇಟ್ಟವನು ಹಾಗೇ ಎದ್ದು ನಿಂತ.

"ಇದು ಸತ್ತದ್ದಲ್ರಿ ಗೌಡ್ರ, ನೀವು ಸಾಯಿಸಿದ್ದು. ಎಲುಬು ಎಣಸಾಕ ಬರ್ತಾವ."

"ಕೋಣಗರ ಬೆಳಸಿ ಏನ್ ಮಾಡೂದೋ ಮಾರಾಯಾ? ಈಗ ಟ್ರ್ಯಾಕ್ಟರ್ ಬಂದಾವು."

"ಹಂಗಾರ ಆ ಟ್ರ್ಯಾಕ್ಟರ್ ತಂದು ಎಮ್ಮಿ ಮುಂದ ನಿಂದರಸ್ರಿ. ಅದಕ್ಕ ತೊರಿ ಬಿಡ್ತೈತೇನ ನೋಡೂಣು."

ಹೀಗೆ ಮಾತಾಡಿದವನಿಗೆ ಕರೆ ಎಲ್ಲಿ ಹೆಚ್ಚುತ್ತವೆ? ಅದರ ಮೇಲೆ ಸೂಜಿಮದ್ದು ಬಂತು. ಚುಚ್ಚಿದರೆ ಸಾಕು, ಕರು ಇರಲಿ ಬಿಡಲಿ ಹಾಲು ಇಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಭೀಮಶ್ಯಾನ ದಬ್ಬಣಕ್ಕೆ ಕೆಲಸ ಕಡಿಮೆಯಾಯಿತು, ಖೋಲಿಯಲ್ಲಿ ಸತ್ತವುಗಳ ಸಂತಾನ ಬೆಳೆಯಿತು.

ಮಗ ಸುಭಾಸ ಸಿಂದಗಿಯಲ್ಲಿ ಸಾಲಿ ಮಾಸ್ತರ. ಹಬ್ಬಕ್ಕೆ ಬಂದರೂ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಸೊಸೆ ಯಶೋಧಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾವನಿಗೆ ನಮಸ್ಕಾರ ಮಾಡುತ್ತಿದ್ದಳು.

"ಅಪ್ಪಾ, ನಮ್ಮ ಓಣಿ ಮಂದಿ ಸತ್ತ ದನಾ ಎಳಿಯೂದು ಬಿಟ್ಟು ಎರಡು ತಲಿಮಾರು ಆತು," ಎಂದು ಸುಭಾಸ ಒಂದು ಸಲ ಹೇಳಿದ. "ಅದನ್ನ ಬಿಡಾಕ ಹೊಡತಾ ತಿಂದಾರ. ಊರ ಬಾವಿ ನೀರು ಬಂದ್ ಮಾಡಿಸಿಕೊಂಡಾರ. ನೀ ಶೋಕಿಗಂತ ಮತ್ತ ಅದನ್ನ ಹೊತಗೊಂಡು ಕುಂತಿ."

"ಅವರು ಎಳಿ ಅಂದದ್ದಕ್ಕ ಎಳಿಯೂದು ಬಿಟ್ಟಾರ. ನನಗ ಯಾರು ಎಳಿ ಅಂದಾರ? ನಾ ಒಲ್ಲೆ ಅಂದು ಎದ್ದು ಬಂದ ಮನಿ ಎಷ್ಟು ಅದಾವು, ಕೇಳಿ ನೋಡು."

"ಅದು ನಿನಗ ಗೊತ್ತು. ಸಾಲ್ಯಾಗ ನನ್ನ ಮುಂದ ಮೂಗು ಮುರಿಯಾವ್ರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಾಗೂದು ಈ ವಾಸನಿ ಒಂದ."

ಮಗನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಸಿ ತೊಗಲು, ಉಪ್ಪು, ಹಳೆಯ ಹೊಟ್ಟು ಕೂಡಿದ ವಾಸನೆ ಗೋಡೆಗೆ ಹತ್ತಿಕೊಂಡಿತ್ತು. ಎಷ್ಟು ಸುಣ್ಣ ಬಳಿದರೂ ಅದು ಸುಣ್ಣದೊಳಗಿಂದ ಇಣುಕುತ್ತಿತ್ತು.

ಆ ವಾಸನೆಗೆ ಮದ್ದು ತಂದವರು ಸಂಕರ್ಷಣ ಸರ್. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವರು. ಭೀಮಶ್ಯಾ ಮಾಡಿದ್ದ ಎರಡು ತಲೆಯ ಆಡಿನ ಮರಿಯೊಂದು ಝಳಕಿಯ ಹೆದ್ದಾರಿಯಲ್ಲಿ ಬಿಲಾಲನ ಧಾಬಾದ ಗಾಜಿನ ಪೆಟ್ಟಿಗೆಯಲ್ಲಿ ನಿಂತಿತ್ತು. ಹುಟ್ಟುವಾಗಲೇ ಸತ್ತ ಮರಿ ಅದು. ಊಟಕ್ಕೆ ಇಳಿದ ಸಂಕರ್ಷಣರು ಕೈ ತೊಳೆಯುವುದನ್ನೂ ಮರೆತು ಅದನ್ನು ನೋಡುತ್ತ ನಿಂತು, ಬಿಲಾಲನಿಂದ ವಿಳಾಸ ಕೇಳಿಕೊಂಡು ಹುಡುಕುತ್ತ ಬಂದರು. ಖೋಲಿಯೊಳಗೆ ಕಾಲಿಟ್ಟು ಒಂದೊಂದರ ಮುಂದೆಯೂ ಬಾಗಿ ನೋಡಿದರು.

"ಭೀಮಶ್ಯಾ ಅವರ, ಇದನ್ನ ನಾಲ್ಕು ಮಂದಿ ನೋಡಬೇಕು. ನಮ್ಮ ಕಾಲೇಜಿನಾಗ ಒಂದು ಪ್ರದರ್ಶನ ಇಡೂಣು. ಆದ್ರ ಹುಳಾ ಹಿಡೀಲಿಕ್ಕೆ ಹತ್ತ್ಯಾವು, ನೋಡ್ರಿ."

ಮುಂದಿನ ಸಲ ಬರುವಾಗ ಔಷಧದ ಬಾಟಲಿಗಳನ್ನು ತಂದರು. ಫಾರ್ಮಾಲಿನ್ ಮತ್ತೆ ಬಿಳಿಯ ಪುಡಿ. ತೊಗಲನ್ನು ಅದರಲ್ಲಿ ನೆನೆಸಿ ಒಣಗಿಸಬೇಕೆಂದು ಕೂತು ತೋರಿಸಿಕೊಟ್ಟರು.

"ಕೈಗೆ ಈ ಗವಸು ಹಾಕೋರಿ, ಮೂಗು ಕಟಗೋರಿ. ಬಲೇ ಖಾರ ಔಷಧ ಅದ. ನೋಡ್ಲಿಕ್ಕೆ ಇಡೂ ಸಾಮಾನಿಗೆ ಅಷ್ಟೇ, ಹಾಂ? ವಾಸನಿ ಪೂರಾ ಹೋಗ್ತದ."

ಕೊನೆಯ ಮಾತು ಭೀಮಶ್ಯಾನ ಕಿವಿಯಲ್ಲಿ ಉಳಿಯಿತು. ಉಳಿದದ್ದು ಗಾಳಿಗೆ ಹೋಯಿತು. ಕೈಗವಸು ಗೂಟಕ್ಕೆ ಜೋತುಬಿದ್ದಿತು. ತೊಗಲು ಮುಟ್ಟಿ ಮುದುಕನಾದವನು ಮೂಗು ಕಟ್ಟಿಕೊಂಡು ಕೂತರೆ ನಾಯಿ ಸಹ ನಕ್ಕೀತು ಎಂದ. ಬೇಸಿಗೆಯೆಲ್ಲ ಬಾಗಿಲು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಹಳೆಯದನ್ನೆಲ್ಲ ಬಿಚ್ಚಿ ನೆನೆಸಿ ಮತ್ತೆ ಹೊಲಿದ. ಮಳೆಗಾಲ ಬರುವಷ್ಟರಲ್ಲಿ ಖೋಲಿ ಬೇರೆಯೇ ಆಗಿತ್ತು. ದಸರೆಗೆ ಬಂದ ಸುಭಾಸ ಹೊಸ್ತಿಲ ಮೇಲೆ ನಿಂತು ಗಾಳಿ ಎಳೆದುಕೊಂಡ. ಒಳಗೆ ಬಂದ. ಟಗರಿನ ತಲೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಚಹಾ ಕುಡಿದ. ತಾಯಿ ಸತ್ತ ಮೇಲೆ ಅವನು ಆ ಮನೆಯೊಳಗೆ ಕುಡಿದ ಮೊದಲ ಚಹಾ ಅದು.

"ಶುಂಠಿ ಜಾಸ್ತಿ ಆತು ಮಾವಾರ," ಎಂದಳು ಯಶೋಧಾ, ಸೆರಗು ಬಿಟ್ಟು.

ಭೀಮಶ್ಯಾನಿಗೆ ಶುಂಠಿಯ ಘಮ ತಿಳಿದಿರಲಿಲ್ಲ. ನೆಗಡಿ ಇರಬೇಕು ಎಂದುಕೊಂಡ. ಆ ನೆಗಡಿ ಬೇಸಿಗೆಯಿಂದ ಬಿಟ್ಟಿರಲಿಲ್ಲ. ಸಂತೋಷ ದೊಡ್ಡದಿದ್ದಾಗ ಮೂಗಿನ ಲೆಕ್ಕ ಯಾರಿಡುತ್ತಾರೆ?

ಪಕ್ಕದ ಓಣಿಯಲ್ಲಿ ಅವನ ಅಕ್ಕ ಗುಂಡವ್ವ ಇದ್ದಳು. ಗಂಡ ತೀರಿ, ಮಗಳನ್ನು ಕೊಟ್ಟು ಕಳಿಸಿದ ಮೇಲೆ ಅವಳಿಗೆ ಉಳಿದದ್ದು ಒಂದು ಎಮ್ಮೆ. ಹಣೆಯ ಮೇಲೆ ಬಿಳಿಯ ಬೊಟ್ಟು ಇದ್ದುದಕ್ಕೆ ಚಂದ್ರಿ ಎಂದು ಹೆಸರು. ಅದರ ಹಾಲು ನಾಲತವಾಡದ ಚಹಾದಂಗಡಿಗೆ ಹೋಗುತ್ತಿತ್ತು. ಆ ಹಾಲಿನ ಬಲದ ಮೇಲೆ ಗುಂಡವ್ವ ಬದುಕಿನಲ್ಲಿ ಯಾರ ಅಂಗಳದಲ್ಲೂ ಕೂಲಿಗೆ ನಿಂತವಳಲ್ಲ. "ನನ್ನ ಒಡತಿ ಎಮ್ಮಿ ಒಬ್ಬಾಕಿ," ಎನ್ನುತ್ತಿದ್ದಳು. "ಅಕಿ ಕರದ್ರ ಏಳತೇನಿ, ಬ್ಯಾರೆ ಯಾರು ಕರದ್ರೂ ಏಳೂದಿಲ್ಲ."

ದೀಪಾವಳಿಯ ಆಚೆ ಚಂದ್ರಿಯ ಹೆಣ್ಣುಕರು ಭೇದಿ ಹತ್ತಿ ಸತ್ತಿತು. ಭೀಮಶ್ಯಾ ಹೋಗಿ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಒಳ್ಳೆಯ ಮೈ, ಮಿರುಗುವ ಕೂದಲು. ತಾಯಿಯಂತೆಯೇ ಹಣೆಗೊಂದು ಬಿಳಿ ಬೊಟ್ಟು. ಅಕ್ಕನ ಕೈಯಲ್ಲಿ ಬೆಳೆದ ಕರು ಅದು. ಅಂಗೈ ಇಡುವ ಅಗತ್ಯವೇ ಇರಲಿಲ್ಲ, ಆದರೂ ಇಟ್ಟ.

ಹಾಲು ಒಯ್ಯುವ ಬಾಬುಲಾಲ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ. "ಗುಂಡವ್ವಾ, ಸೂಜಿ ಮಾಡಸ್ರಿ, ಈಗ ಎಲ್ಲಾರೂ ಅದನ್ನ ಮಾಡಸ್ತಾರ."

"ಚುಚ್ಚಿ ಕಸಗೊಂಡ ಹಾಲು ನನಗ ಬ್ಯಾಡೋ ಬಾಬುಲಾಲ. ನನ್ನ ತಮ್ಮ ಅದಾನ." ತಮ್ಮನ ಕಡೆ ತಿರುಗಿದಳು. "ಉಪ್ಪು ಹಚ್ಚಿ ಲಗೂನ ಹೊಲದು ಕೊಡು. ಚೆಂದ ಬ್ಯಾಡ ನನಗ. ನಮ್ಮಪ್ಪ ಮಾಡತಿದ್ದನಲ್ಲಾ, ಹಂಗ ಇದ್ರ ಸಾಕು."

"ಅಪ್ಪ ಮಾಡಿದ್ದಕ್ಕ ಎರಡು ತಿಂಗಳಿಗೆ ಹುಳಾ ಬೀಳತಿದ್ದುವು. ಎಮ್ಮಿ ನಡುವ ಬತ್ತತಿತ್ತು. ನಾ ಮಾಡಿಕೊಡೂದು ಚಂದ್ರಿ ಹಾಲು ಬಿಡೂತನಾ ನಿಲ್ಲತೈತಿ. ಮುಂದಿನ ಸೂಲಿಗೂ ನಿಲ್ಲತೈತಿ."

"ಮೂಗಿಗಿಂತ ಮೂಗುತಿ ಭಾರ ಮಾಡಬ್ಯಾಡೋ ತಮ್ಮಾ."

ಅವನು ಆಗಲೇ ತೊಗಲಿನ ಅಳತೆ ನೋಡುತ್ತಿದ್ದ. ಉಳಿದ ಮೈಯನ್ನು ಗುಂಡವ್ವ ತಿಪ್ಪೆಯ ಆಚೆ ಬೇವಿನ ಬುಡದಲ್ಲಿ ಹೂಳಿಸಿದಳು.

ಅಂಥ ಕೆಲಸ ಭೀಮಶ್ಯಾ ಹಿಂದೆ ಮಾಡಿರಲಿಲ್ಲ. ತೊಗಲನ್ನು ಔಷಧದಲ್ಲಿ ಎರಡು ಸಲ ನೆನೆಸಿದ. ಬೆರಳು ಸುಕ್ಕಾಗಿ ಚರ್ಮ ಸುಲಿಯಿತು. ಗಾಜಿನ ಕಣ್ಣು ಸಂಕರ್ಷಣರು ತಂದುಕೊಟ್ಟಿದ್ದವು. ಕರುವಿಗೆ ಹಸಿವಾದಾಗಿನ ನೋಟ ಬರುವವರೆಗೆ ಅವನ್ನು ಹಾಕಿ ತೆಗೆದು ಮಾಡಿದ. ಒಂದು ಮುಂಗಾಲು ತುಸು ಮುಂದಕ್ಕೆ, ಮೂತಿ ಮೇಲಕ್ಕೆ, ಕೆಚ್ಚಲು ಹುಡುಕುವ ಹಾಗೆ. ಅತ್ತ ಗುಂಡವ್ವ ಹಿಂಡಿ ತೋರಿಸಿ, ಮೈ ತಿಕ್ಕಿ, ಹಾಡಿ, ಚಂದ್ರಿಯಿಂದ ಚೊಂಬು ಹಾಲು ಕದಿಯುತ್ತ ದಿನ ತಳ್ಳುತ್ತಿದ್ದಳು. "ಆತೇನೋ?" ಎಂದು ಹೇಳಿ ಕಳಿಸುತ್ತಿದ್ದಳು. "ಇನ್ನಷ್ಟು," ಎನ್ನುತ್ತಿದ್ದ. ಕುಂಬಾರನಿಗೆ ವರ್ಷ ಹಿಡಿದದ್ದು ದೊಣ್ಣೆಗೆ ನಿಮಿಷ ಎಂದು ಗೊತ್ತಿದ್ದವನೇ, ಆದರೆ ಆ ದೊಣ್ಣೆ ತನ್ನ ಕೈಯಲ್ಲೇ ಇದೆಯೆಂದು ಯಾವ ಕುಂಬಾರನಿಗೂ ಹೊಳೆಯುವುದಿಲ್ಲ.

ಕರುವನ್ನು ಹೆಗಲ ಮೇಲೆ ಹೊತ್ತು ತಂದ ಮುಂಜಾನೆ ಓಣಿಯ ಹೆಂಗಸರೆಲ್ಲ ಹಿಂದೆ ಬಂದರು. ಕೊಟ್ಟಿಗೆಯಲ್ಲಿ ಇಳಿಸಿದಾಗ ಗುಂಡವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. ಅವಳ ಕರು ಎದ್ದು ಬಂದಿತ್ತು.

ಚಂದ್ರಿ ತಲೆಯೆತ್ತಿತು. ಗಂಟಲಿನಲ್ಲೇ ಸಣ್ಣಗೆ ಕರೆಯಿತು. ದಾವಣಿಯನ್ನು ಜಗ್ಗಿಕೊಂಡು ಮುಂದೆ ಬಂತು. ಭೀಮಶ್ಯಾ ಕರುವನ್ನು ಇನ್ನಷ್ಟು ಹತ್ತಿರ ಸರಿಸಿದ. ಚಂದ್ರಿ ಮೂತಿ ಚಾಚಿ ಅದರ ಬೆನ್ನಿಗೆ ಮೂಗು ಇಟ್ಟಿತು. ಇಟ್ಟದ್ದೇ ಬುಸ್ಸೆಂದು ಹಿಂದೆ ಸರಿಯಿತು.

"ಮೊದಲ ಸಲ, ಅಂಜೈತಿ," ಎಂದ ಭೀಮಶ್ಯಾ.

ಹಾಲು ಸವರಿದ. ಉಪ್ಪು ಉದುರಿಸಿದ. ಚಂದ್ರಿ ಉಪ್ಪಿಗೆ ನಾಲಿಗೆ ಚಾಚಿ, ತಲೆ ಕೊಡವಿ, ಜೊಲ್ಲು ಸುರಿಸಿ, ಮುಖ ಗೋಡೆಗೆ ತಿರುಗಿಸಿ ನಿಂತಿತು. ಗುಂಡವ್ವ ಓಡಿ ಹೋಗಿ ಅದರ ಬಾಯಿಗೆ ನೀರು ಎರಚಿದಳು. ಆಮೇಲೆ ಬಾಗಿ, ತಾನೇ ಕರುವಿನ ಕತ್ತಿಗೆ ಮೂಗು ಹಚ್ಚಿದಳು.

"ತಮ್ಮಾ, ಇದು ದವಾಖಾನಿ ನಾರತೈತಿ."

"ಏನೂ ನಾರೂದಿಲ್ಲ ಇದು. ವಾಸನಿ ಕಳಿಯೂದ ಆ ಔಷಧದ ಕೆಲಸ."

"ನನ್ನ ಕರುವಿನ ವಾಸನಿ ಎಲ್ಲೈತಿ ಇದರಾಗ? ನೀನ ನೋಡು."

ಭೀಮಶ್ಯಾ ಬಾಗಿ ಮೂಸಿದ. ಕಿವಿಯ ಹಿಂದೆ, ಕತ್ತಿನ ಕೆಳಗೆ, ತೊಡೆಯ ಸಂದಿಯಲ್ಲಿ. ಕರುವಿನ ವಾಸನೆ ಇರಲಿಲ್ಲ. ದವಾಖಾನೆಯ ವಾಸನೆಯೂ ಇರಲಿಲ್ಲ. ಕೊಟ್ಟಿಗೆಯ ಸಗಣಿ, ಗಂಜಲ, ಒದ್ದೆ ಹುಲ್ಲು, ಯಾವುದೂ ಇರಲಿಲ್ಲ. ಗೋಡೆಗೆ ಮೂಗು ಒತ್ತಿದ ಹಾಗಿತ್ತು. ಆಗ ಅವನಿಗೆ ಬೇಸಿಗೆಯ ನೆಗಡಿ ನೆನಪಾಯಿತು, ಗೂಟಕ್ಕೆ ಜೋತುಬಿದ್ದ ಕೈಗವಸು ನೆನಪಾಯಿತು, ಮೂಗು ಕಟ್ಟಿಕೊಳ್ಳಿ ಎಂದ ಸಂಕರ್ಷಣರ ಮಾತು ನೆನಪಾಯಿತು. ಉಪ್ಪು ಬಿಟ್ಟು ಏನೂ ಹಚ್ಚಬೇಡ ಎಂದ ಅಪ್ಪ ನೆನಪಾದ.

ಒಂದು ಕರುವಿಗೆ ಒಂದೇ ತೊಗಲು. ಬಿಚ್ಚಿ ಮತ್ತೆ ಮಾಡುವಂಥದ್ದಲ್ಲ.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಮಟಮಟ ಮಧ್ಯಾಹ್ನ ಗುದ್ದಲಿ ಹಿಡಿದು ಬೇವಿನ ಬುಡಕ್ಕೆ ಹೋದ. ಗುಂಡವ್ವ ಬೇಡ ಬೇಡವೆಂದು ಹಿಂದೆ ಬಂದಳು. ಓಣಿಯವರು ಬಾಗಿಲು ಹಾಕಿಕೊಂಡರು. ಅವನು ಅಗೆದು, ಕರುವನ್ನು ಹೂಳುವಾಗ ಸುತ್ತಿದ್ದ ಗೋಣಿತಟ್ಟನ್ನು ಎಳೆದ. ಅದು ಎಷ್ಟು ನಾರುತ್ತಿತ್ತೆಂಬುದನ್ನು ಅವನು ಅಕ್ಕನ ಮುಖ ನೋಡಿ ತಿಳಿಯಬೇಕಾಯಿತು. ಆ ತಟ್ಟನ್ನು ತಂದು ಗಾಜುಗಣ್ಣಿನ ಕರುವಿನ ಬೆನ್ನ ಮೇಲೆ ಹೊದಿಸಿ ಚಂದ್ರಿಯ ಮುಂದೆ ನಿಲ್ಲಿಸಿದ.

ಚಂದ್ರಿ ಮೂಸಿತು. ಈ ಸಲ ಹಿಂದೆ ಸರಿಯಲಿಲ್ಲ. ಬಹಳ ಹೊತ್ತು ಮೂಸಿತು. ಆಮೇಲೆ ತಲೆಯೆತ್ತಿ ಒದರತೊಡಗಿತು. ಅಂಥ ಒದರು ಆ ಓಣಿ ಕೇಳಿರಲಿಲ್ಲ. ಅಂದಿನವರೆಗೆ ಎಮ್ಮೆಗೆ ಕರು ಕಾಣೆಯಾಗಿತ್ತು, ಅಷ್ಟೆ. ಎಲ್ಲೋ ಇದೆ, ಬಂದೀತು ಎಂದು ಕಾದಿತ್ತು. ಆ ಮಧ್ಯಾಹ್ನ ಅದರ ಕರು ಸತ್ತಿತು.

ಮರುದಿನದಿಂದ ಚಂದ್ರಿ ಮೇವು ಮುಟ್ಟಲಿಲ್ಲ. ಚೊಂಬಿನ ಹಾಲೂ ನಿಂತಿತು. ಬಾಬುಲಾಲ ಸೂಜಿಯ ಮಾತು ಮತ್ತೊಮ್ಮೆ ತೆಗೆದ. ಈ ಸಲ ಗುಂಡವ್ವ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ, ಒಳಗೆ ಹೋದಳು. ಬತ್ತಿದ ಕೆಚ್ಚಲಿಗೆ ಸೂಜಿ ಏನು ಮಾಡೀತೆಂದು ಅವನೇ ಹೊರಟುಹೋದ. ಛಳಿ ಕಳೆಯುವಷ್ಟರಲ್ಲಿ ಇಂಡಿ ಕಡೆಯ ದನದ ವ್ಯಾಪಾರಿಗಳು ಟೆಂಪೋ ತಂದು ಚಂದ್ರಿಯನ್ನು ಹತ್ತಿಸಿಕೊಂಡು ಹೋದರು. ಗುಂಡವ್ವ ನಾಲತವಾಡದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಕೂತಳು. ನಸುಕಿನಲ್ಲಿ ಯಾರೋ ಕರೆದರೆ ಏಳತೊಡಗಿದಳು. ತಮ್ಮನ ಮೇಲೆ ಒಂದು ಮಾತಿಲ್ಲ. ಒಂದು ಬೈಗುಳವಾದರೂ ಬಂದಿದ್ದರೆ ಅವನು ಅದನ್ನು ಹೊದ್ದುಕೊಂಡು ಮಲಗುತ್ತಿದ್ದ.

ಬಸವನ ಬಾಗೇವಾಡಿಯ ಪ್ರದರ್ಶನ ಮುಂದಿನ ಬೇಸಿಗೆಗೆ ಮೊದಲು ಆಯಿತು. ಭೀಮಶ್ಯಾ ಆ ಕರುವನ್ನು ಮಾತ್ರ ಕೊಡುವುದಿಲ್ಲ ಎಂದಿದ್ದ. ಸಾಮಾನು ಒಯ್ಯಲು ಬಂದ ಸುಭಾಸ ಅದನ್ನೇ ಮೊದಲು ಎತ್ತಿ ಗಾಡಿಯಲ್ಲಿಟ್ಟ. "ಇಷ್ಟು ಚೆಂದದ್ದು ಮೂಲ್ಯಾಗ ಇಡ್ತಿ ಏನಪ್ಪಾ?" ಮಗನ ಮುಖದಲ್ಲಿ ಹೆಮ್ಮೆ ಕಂಡು ಭೀಮಶ್ಯಾ ತಾನೇ ಅದರ ಕಾಲಿಗೆ ಹಗ್ಗ ಬಿಗಿದ.

ಕರುವನ್ನು ಬಾಗಿಲಿಗೆ ಎದುರಾಗಿ ಎತ್ತರದ ಮೇಜಿನ ಮೇಲೆ ನಿಲ್ಲಿಸಿದ್ದರು. ಮಂದಿ ಬಂದರು, ಮೊಬೈಲ್ ಹಿಡಿದರು. ಯಶೋಧಾ ತನ್ನ ಗೆಳತಿಯರನ್ನು ಕರೆತಂದು, ನಮ್ಮ ಮಾವನವರು ಮಾಡಿದ್ದು ಎಂದು ತೋರಿಸಿದಳು. "ಜೀವ ಐತಿ ನೋಡ್ರಿ ಇದಕ," ಎಂದರು. "ವಾಸನಿ ಅಂತೂ ಎಳ್ಳಷ್ಟೂ ಇಲ್ಲ," ಎಂದರು. ಸಂಕರ್ಷಣರು ಅದರ ಕೆಳಗೆ ಭೀಮಶ್ಯಾನ ಹೆಸರು ಬರೆಸಿದ್ದರು. ಸುಭಾಸ ಅಪ್ಪನ ಹೆಗಲ ಮೇಲೆ ಕೈ ಹಾಕಿ ಫೋಟೋಕ್ಕೆ ನಿಂತ.

ಗುಂಡವ್ವ ಮಧ್ಯಾಹ್ನದ ಬಸ್ಸಿಗೆ ಬಂದಳು. ಕರೆದವರಿಲ್ಲ, ತಾನೇ ಬಂದಿದ್ದಳು. ಮೇಜಿನ ಮುಂದೆ ನಿಂತು ಕರುವಿನ ಹಣೆಯ ಬೊಟ್ಟಿನ ಮೇಲೆ ಬೆರಳಾಡಿಸಿದಳು.

"ಚೆಂದ ಮಾಡಿಯೋ ತಮ್ಮಾ," ಎಂದಳು.

ಅವನು ನೆಲ ನೋಡಿದ.

"ಹಾಲಿನ ಆಸೀಗೆ ನಾನೂ ಚಂದ್ರಿಗೆ ಸುಳ್ಳು ಹೇಳಾಕ ಹೊಂಟಿದ್ನೆಲ್ಲಾ. ನಿಂದೊಬ್ಬಂದ ತಪ್ಪಲ್ಲ." ಸೆರಗು ಸರಿಮಾಡಿಕೊಂಡಳು. "ನಡಿ, ಸಂಜೀ ರೊಟ್ಟಿಗೆ ಹೋಗಬೇಕು ನಾ."

ಪ್ರದರ್ಶನ ಇನ್ನೂ ನಡೆಯುತ್ತಿತ್ತು. ಅವನು ಯಾರಿಗೂ ಹೇಳದೆ ಅಕ್ಕನ ಹಿಂದೆ ಬಸ್ ಹತ್ತಿದ. ದಾರಿಯಲ್ಲಿ ಗುಂಡವ್ವ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ತೂಕಡಿಕೆಯಲ್ಲಿ ತಲೆ ಜಾರಿ ತಮ್ಮನ ಹೆಗಲಿಗೆ ಬಂತು. ಅವಳ ಸೀರೆಯಲ್ಲಿ ಖಾನಾವಳಿಯ ಒಲೆಯ ಹೊಗೆ ಇರಬೇಕು, ಜೋಳದ ಹಿಟ್ಟು ಇರಬೇಕು. ಚಿಕ್ಕಂದಿನಲ್ಲಿ ಅವನನ್ನು ಕಂಕುಳಲ್ಲಿ ಹೊತ್ತು ತಿರುಗುವಾಗಿನ ಅವಳ ಮೈಯ ವಾಸನೆಯೂ ಎಲ್ಲೋ ಉಳಿದಿರಬೇಕು. ಭೀಮಶ್ಯಾ ಮುಖ ತಿರುಗಿಸಿ ಅವಳ ನೆತ್ತಿಯ ಹತ್ತಿರ ಉಸಿರು ಎಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ.

ಏನೂ ಬರಲಿಲ್ಲ.